ಹಾಳೆಯ ಮೇಲೆ ಜಾರಿದವಳಿಗೆ

ಪ್ರೀತಿಯ ಪುಟ್ಟಿಗೆ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಅಮ್ಮ ರಾತ್ರಿಯವರೆಗೆ ನನ್ನ ಜೊತೆ ಮಾತನಾಡಲಿಲ್ಲ. ಮೊದಲ ಸಲ ಸ್ಕೀಯಿಂಗ್‌ಗೆ ಹೋಗುತ್ತಿದ್ದೇನೆ ಎಂದು ಮಗಳು ಅಷ್ಟು ಖುಷಿಯಿಂದ ಹೇಳಿದರೆ, "ಕೈಕಾಲು ಮುರಿದುಕೊಂಡರೆ ನೋಡಿಕೊಳ್ಳುವವರು ಯಾರು" ಎಂದು ಕೇಳುವುದೇ ಎಂಬುದು ಅವಳ ಸಿಟ್ಟು. "ಹೇಳಿದ್ದೇ ತಪ್ಪಾಯಿತು ಅಪ್ಪಯ್ಯ" ಎಂದ ನಿನ್ನ ದನಿ ಇನ್ನೂ ಕಿವಿಯಲ್ಲಿದೆ. ಫೋನಿನಲ್ಲಿ ನನಗೆ ಮಾತು ನೆಟ್ಟಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಈಗ ಸ್ಕೀಯಿಂಗ್‌ಗೆ ಹೊರಟಿರುವ ಕ್ಯಾಲಿಫೋರ್ನಿಯಾದ ಟಾಹೋ ಸರೋವರವನ್ನು ಹೋದ ಜುಲೈನಲ್ಲಿ ನೀನೇ ತೋರಿಸಿದ್ದೆ. ಎಮರಾಲ್ಡ್ ಕೊಲ್ಲಿಯ ಆ ಮಧ್ಯಾಹ್ನದ ಬಗ್ಗೆ ಮತ್ತೆ ಬರೆಯುವುದು ಬೇಡ, ಇಬ್ಬರಿಗೂ ನೆನಪಿದೆ. ಒಂದನ್ನು ಮಾತ್ರ ಅವತ್ತು ಹೇಳಿರಲಿಲ್ಲ. ಅದರ ಆಳ 501 ಮೀಟರ್ ಎಂದು ನೀನು ಹೇಳಿದಾಗ ನನ್ನ ಅಂಗಾಲು ತಣ್ಣಗಾಯಿತು. ಅಷ್ಟು ಆಳವಿರುವುದರಿಂದಲೇ ಚಳಿಗಾಲದಲ್ಲೂ ಅದು ಹೆಪ್ಪುಗಟ್ಟುವುದಿಲ್ಲವಂತೆ. ಸುತ್ತಲ ಬೆಟ್ಟವೆಲ್ಲ ಬೆಳ್ಳಗಾದರೂ ನಡುವೆ ನೀಲಿ ನೀರು ಬಾಯಿ ತೆರೆದುಕೊಂಡೇ ಇರುತ್ತದೆ. ಅಲ್ಲಿನ ಹೆವೆನ್ಲಿ ಸ್ಕೀ ತಾಣದಲ್ಲಿ ಜಾರುವವರ ವೀಡಿಯೊ ನೋಡಿದೆ. ನೇರ ಸರೋವರಕ್ಕೇ ಇಳಿಯುತ್ತಿದ್ದಾರೆ ಎನಿಸುತ್ತದೆ. ನಡುವೆ ಊರಿದೆ, ರಸ್ತೆಯಿದೆ, ಗೊತ್ತು. ಆದರೂ ಇಳಿಜಾರು, ಕೆಳಗೆ ನೀರು, ಮೇಲಿಂದ ನೀನು. ಭಾನುವಾರ ಆ ಮಾತು ಬಾಯಿಗೆ ಬಂದದ್ದು ಇದರಿಂದ.

ನಿನಗೆ ಆಗ ಎಂಟು ವರ್ಷ. ಆಷಾಢದ ಮಳೆ ಒಂದಿಷ್ಟು ಹೊತ್ತು ಹೊಳವಾಗಿತ್ತು. ಸಿಕ್ಕಿದ ಹೊಳವಿನಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಸುತ್ತಿದ್ದೆ. ಬ್ಯಾಣದ ಹುಲ್ಲಿನ ಇಳಿಜಾರಿನ ತುದಿಯಲ್ಲಿ ನೀನು, ಪಕ್ಕದ ಮನೆಯ ಹುಡುಗರು ಅಡಿಕೆ ಹಾಳೆ ಹಿಡಿದು ನಿಂತಿದ್ದಿರಿ. ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವುದು ಮಕ್ಕಳ ರೂಢಿ. ನೀನು ಯಾರನ್ನೂ ಕರೆಯಲಿಲ್ಲ. ಹಾಳೆಯ ಮೇಲೆ ಕುಳಿತೆ, ದಂಟನ್ನು ಎರಡೂ ಕೈಯಲ್ಲಿ ಹಿಡಿದೆ, ಕಾಲಿನಿಂದ ಮೀಟಿದೆ. ಒದ್ದೆ ಹುಲ್ಲು. ಕೆಳಗೆ ತುಂಬಿದ ಕೆರೆ. ಹಾಳೆ ದಂಡೆಯ ಕೇದಗೆ ಮಟ್ಟಿಗೆ ಸಿಕ್ಕಿಕೊಂಡು ನಿಂತಿತು. ಅಲ್ಲಿಂದ ನೀರಿಗೆ ಒಂದು ಮಾರು ದೂರ. ಮರುದಿನ ಒಬ್ಬನೇ ಹೋಗಿ ಅಳೆದಿದ್ದೇನೆ. ಮಟ್ಟಿ ಒಂದು ಮೊಳ ಆಚೆ ಇದ್ದಿದ್ದರೆ? ಹಾಳೆ ಸ್ವಲ್ಪ ಎಡಕ್ಕೆ ತಿರುಗಿದ್ದರೆ? ಇಪ್ಪತ್ತೊಂದು ವರ್ಷದಿಂದ, ಬ್ಯಾಣ ಹಸಿರಾದಾಗಲೆಲ್ಲ ಈ ಲೆಕ್ಕ ಹಾಕುತ್ತೇನೆ. ಕೆರೆಗೆ ಬೇಲಿ ಕಟ್ಟಿಸಿದ್ದು ದನಕ್ಕೆ ಎಂದು ನೀವೆಲ್ಲ ತಿಳಿದಿದ್ದೀರಿ.

ಓಡಿ ಬಂದವನು ನಿನ್ನನ್ನು ಎತ್ತಿಕೊಳ್ಳಬೇಕಿತ್ತು. ಹೊಡೆದೆ. ಕೈಗೆ ಮೆತ್ತಿದ್ದ ಮೈಲುತುತ್ತದ ನೀಲಿ ನಿನ್ನ ಕೆನ್ನೆಗೆ ಹತ್ತಿತು. ಸಂಜೆ ಅಮ್ಮ ತಿಕ್ಕಿ ತಿಕ್ಕಿ ತೊಳೆದಳು. ಹಾಳೆಯನ್ನು ಬಚ್ಚಲ ಒಲೆಗೆ ಹಾಕಿದೆ. ಹಸಿ ಹಾಳೆ ಉರಿಯಲಿಲ್ಲ, ರಾತ್ರಿಯವರೆಗೂ ಹೊಗೆಯಾಡಿತು. ಆಮೇಲೆ ನೀನು ಬ್ಯಾಣದ ಕಡೆ ಆಡಲು ಹೋಗಲೇ ಇಲ್ಲ. ತಪ್ಪಾಯಿತು ಪುಟ್ಟಿ. ಇಷ್ಟು ಬರೆಯಲು ಇಷ್ಟು ವರ್ಷ ಹಿಡಿಯಿತು.

ಉಪದೇಶ ಮಾಡಬಾರದು ಎಂದುಕೊಂಡೇ ಕುಳಿತೆ, ಆದರೂ ಕೆಲವನ್ನು ಹೇಳದೆ ಇರಲಾರೆ. ನಾಲ್ಕು ರಾತ್ರಿ ಇದನ್ನೇ ಓದಿದ್ದೇನೆ. ಹಾಳೆಗೆ ನಿಲ್ಲುವ ಉಪಾಯ ಇರಲಿಲ್ಲ, ಸ್ಕೀಗೆ ಇದೆ. ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನವನ್ನು ಅಗಲಿಸಿದರೆ ವೇಗ ಇಳಿಯುತ್ತದೆ. ಪಿಜ್ಜಾ ತುಂಡಿನ ಆಕಾರ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಮೊದಲು ಅದನ್ನು ಕಲಿ. ಸ್ನೇಹಿತರು "ನಾವೇ ಕಲಿಸುತ್ತೇವೆ" ಎಂದರೂ ಮೊದಲ ದಿನದ ಪಾಠಕ್ಕೆ ದುಡ್ಡು ಕಟ್ಟಿ ತರಬೇತುದಾರರ ಹತ್ತಿರವೇ ಸೇರು. ಹಸಿರು ವೃತ್ತದ ಗುರುತಿರುವ ಇಳಿಜಾರು ಹೊಸಬರಿಗೆ, ನೀಲಿ ಚೌಕ ಅದಕ್ಕಿಂತ ಕಷ್ಟ, ಕಪ್ಪು ವಜ್ರದ ಕಡೆ ತಲೆ ಹಾಕಬೇಡ. ಲಿಫ್ಟ್ ಹತ್ತುವ ಮೊದಲೇ ಇಳಿಯುವ ದಾರಿ ಯಾವುದು ಎಂದು ಕೇಳಿಕೋ. ಕೆಳಗೆ ಮುಂದಿರುವವರಿಗೆ ದಾರಿ ಬಿಡಬೇಕಾದವರು ಮೇಲಿನಿಂದ ಬರುವವರು. ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದರೆ ಸರಿಯಾಗಿ ಹೇಳು. ಬಿದ್ದಾಗ ಬೂಟಿನಿಂದ ಸ್ಕೀ ತಾನಾಗಿ ಕಳಚಿಕೊಳ್ಳಬೇಕು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಿಗಿಯಿರಬೇಕು ಎಂಬುದನ್ನು ನಿನ್ನ ತೂಕ, ಎತ್ತರ, ವಯಸ್ಸು ನೋಡಿಯೇ ಗೊತ್ತು ಮಾಡುತ್ತಾರೆ. ಅದು ಕಳಚದಿದ್ದರೆ ಮಂಡಿ ತಿರುಚುತ್ತದೆ. ಜೀನ್ಸ್ ಬೇಡ, ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಹೆಲ್ಮೆಟ್ ವಿಷಯದಲ್ಲಿ ವಾದ ಬೇಡ.

ರಸ್ತೆಯ ಬಗ್ಗೆ ನನಗೆ ಇನ್ನೂ ಹೆಚ್ಚು ಚಿಂತೆ. ಸರೋವರದ ನೀರಿನ ಮಟ್ಟವೇ 1,897 ಮೀಟರ್, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಸಮ. ಹೆದ್ದಾರಿ 50ರಲ್ಲಿ ಎಕೋ ಸಮಿಟ್ ಎಂಬ ಘಾಟಿ ದಾಟುವಾಗ 2,250 ಮೀಟರ್ ಎತ್ತರಕ್ಕೆ ಏರಬೇಕು. ಹಿಮ ಬಿದ್ದು ರಸ್ತೆಯಲ್ಲಿ ಆರ್ 2 ಎಂಬ ಬೋರ್ಡು ಬಿದ್ದರೆ ನಿನ್ನ ಪುಟ್ಟ ಕಾರಿನ ಚಕ್ರಕ್ಕೆ ಚೈನ್ ಬೇಕೇ ಬೇಕು; ಆರ್ 3 ಎಂದರೆ ಯಾವ ಗಾಡಿಗೂ ವಿನಾಯಿತಿ ಇಲ್ಲ. ಚೈನನ್ನು ಮನೆಯ ಮುಂದೆ ಒಣ ನೆಲದ ಮೇಲೆ ಎರಡು ಸಲ ಹಾಕಿ ತೆಗೆದು ನೋಡು. ಹಿಮ ಸುರಿಯುವಾಗ, ಕತ್ತಲಲ್ಲಿ, ಮೊದಲ ಸಲ ಬಿಚ್ಚುವ ವಸ್ತು ಅದಲ್ಲ. ಶುಕ್ರವಾರ ಕಚೇರಿ ಮುಗಿಸಿ ಹೊರಡುವುದನ್ನು ಬಿಟ್ಟು ಶನಿವಾರ ಬೆಳಿಗ್ಗೆ ಹೋಗಲಾಗದೇ? ಕಂಬಳಿ, ನೀರು, ತಿನ್ನಲು ಏನಾದರೂ ಕಾರಿನಲ್ಲಿರಲಿ. 1846ರ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೊರಟಿದ್ದ ಡಾನರ್ ತಂಡದ ಎಂಬತ್ತಕ್ಕೂ ಹೆಚ್ಚು ಜನ ಅದೇ ಬೆಟ್ಟಸಾಲಿನ ಹಿಮದಲ್ಲಿ ಸಿಕ್ಕಿಬಿದ್ದರು, ಸುಮಾರು ಅರ್ಧದಷ್ಟು ಜನ ಉಳಿಯಲಿಲ್ಲ. ಅದನ್ನು ಓದಿ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತಿದ್ದೆ. ಈಗ ಹಾಗಾಗುವುದಿಲ್ಲ ಎಂದು ಅಮ್ಮ ದೀಪ ಆರಿಸಿದಳು.

ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಮೂರು ಜನರಿಗೆ ಹೇಳಿ ಬಂದೆ, ಮಗಳು ಹಿಮದಲ್ಲಿ ಜಾರುವುದನ್ನು ಕಲಿಯಲು ಹೋಗುತ್ತಿದ್ದಾಳೆ ಎಂದು. ನಮ್ಮ ಮನೆತನದಲ್ಲಿ ಹಿಮ ಮುಟ್ಟುವ ಮೊದಲನೆಯವಳು ನೀನು. ಹೇಳುವಾಗ ಎದೆ ತುಂಬಿ ಬಂದಿತ್ತು. ನಿನಗೆ ಮಾತ್ರ ಹೇಳಿರಲಿಲ್ಲ.

ಇನ್ನೊಂದು ವಿಷಯ. ಅವತ್ತು ಬ್ಯಾಣದಲ್ಲಿ ಹಾಳೆ ಇಳಿಯುವಾಗ ನೀನು ಕೂಗುತ್ತಿದ್ದೆ ಎಂದು ಅಮ್ಮನಿಗೆ ಹೇಳಿದ್ದೆ. ಅದು ಸುಳ್ಳು. ನೀನು ನಗುತ್ತಿದ್ದೆ. ತೋಟದ ತಳದವರೆಗೂ ಕೇಳುವಷ್ಟು ಜೋರಾಗಿ, ನಾನು ಹತ್ತಿರ ಬಂದು ಕೈ ಎತ್ತುವವರೆಗೂ ನಗುತ್ತಲೇ ಇದ್ದೆ.

ತಲುಪಿದ ಕೂಡಲೇ ಒಂದು ಸಂದೇಶ ಹಾಕು, ಇಲ್ಲಿ ಎಷ್ಟೇ ಹೊತ್ತಾಗಿರಲಿ. ಜಾರುವ ವೀಡಿಯೊ ಕಳುಹಿಸು. ದನಿ ಇರಲಿ. ಬಿದ್ದ ಭಾಗವನ್ನು ಕತ್ತರಿಸಬೇಡ.

ನಿನ್ನ
ಅಪ್ಪಯ್ಯ