ಟ್ಯಾಂಕಿಗೆ ಆಳು ಇಳಿಸಿ ಎಂದ ಕಂಪನಿಗೆ ನನ್ನ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನಮ್ಮ ಹೋಂಸ್ಟೇಯ ಶೌಚ ಟ್ಯಾಂಕಿನ ಗೇಜ್ ಕೆಟ್ಟಿರುವುದು, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಕೆಲಸ ಆಗದಿರುವುದು ಮತ್ತು ನಿಮ್ಮ ಸಿಬ್ಬಂದಿ ಆಡಿದ ಮಾತು

ಮಾನ್ಯರೇ,

ಫೋನಿನಲ್ಲಿ ಹೇಳಿದ್ದಾಯಿತು, ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಾಯಿತು, ಮೇಲ್ ಹಾಕಿದ್ದಾಯಿತು. ಪ್ರತಿ ಸಲವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಇನ್ನು ಫೋನ್ ಮಾಡುವುದಿಲ್ಲ. ಎಲ್ಲವೂ ಬರಹದಲ್ಲೇ ಇರಲಿ ಅಂತ ಈ ಪತ್ರ.

ನಮ್ಮದು ಮೂಡಿಗೆರೆ ತಾಲೂಕಿನ ಕಾಫಿ ತೋಟದೊಳಗೆ ನಾಲ್ಕು ರೂಮಿನ ಹೋಂಸ್ಟೇ. ಮನೆಯ ಕೆಳಗೇ ಹಳ್ಳ. ಅದು ಹೋಗಿ ಹೇಮಾವತಿಗೆ ಸೇರುತ್ತದೆ. ಹೇಮಾವತಿ ಹುಟ್ಟುವುದು ನಮ್ಮ ತಾಲೂಕಿನ ಜಾವಳಿಯಲ್ಲೇ. ಸಕಲೇಶಪುರ, ಗೊರೂರು ದಾಟಿ ಕಾವೇರಿ ಸೇರುವ ತನಕ ಎಷ್ಟೋ ಊರಿನವರು ಆ ನೀರನ್ನೇ ನಂಬಿದ್ದಾರೆ. ಅದಕ್ಕೇ ನಾವು ಇಂಗುಗುಂಡಿ ತೋಡಿಸಲಿಲ್ಲ. ಆಷಾಢದ ಮಳೆಗೆ ನಮ್ಮ ಕಡೆ ನೆಲದಲ್ಲೇ ಜಲ ಏಳುತ್ತದೆ. ಅಂಥ ನೆಲದಲ್ಲಿ ಗುಂಡಿ ತೋಡಿದರೆ ಎಲ್ಲಾ ನೇರ ಹಳ್ಳಕ್ಕೇ. ಎಲ್ಲಾ ಕಡೆ ಮುಚ್ಚಿದ ಟ್ಯಾಂಕ್ ಇರಲಿ, ಒಂದು ಹನಿಯೂ ಹೊರಗೆ ಹೋಗದಿರಲಿ, ತುಂಬುತ್ತಾ ಬಂದಾಗ ಸಕ್ಕಿಂಗ್ ಗಾಡಿ ಕರೆಸೋಣ ಅಂತ ಖರ್ಚು ಜಾಸ್ತಿಯಾದರೂ ನಿಮ್ಮ ಟ್ಯಾಂಕಿಗೆ ಒಪ್ಪಿಕೊಂಡೆವು.

ಇಂಥ ಟ್ಯಾಂಕಿಗೆ ಗೇಜೇ ಕಣ್ಣು. ಒಳಗೆ ಎಷ್ಟಿದೆ ಅಂತ ಗೊತ್ತಾಗದಿದ್ದರೆ ಗಾಡಿ ಯಾವಾಗ ಕರೆಸುವುದು? ಮಳೆಗಾಲದಲ್ಲಿ ನಮ್ಮ ಮಣ್ಣು ರಸ್ತೆಗೆ ಗಾಡಿ ಬರುವುದೇ ಕಷ್ಟ. ಎರಡು ಮೂರು ದಿನ ಮುಂಚೆಯೇ ಹೇಳಿಡಬೇಕು.

ನಿಮ್ಮ ಕರಪತ್ರದ ಮೊದಲ ಪುಟದಲ್ಲಿ ಹಾಯಿದೋಣಿಯ ಚಿತ್ರ ಇತ್ತು. ದೋಣಿಗಳಲ್ಲಿ ಬಳಸುವ ವ್ಯವಸ್ಥೆಯನ್ನೇ ಮನೆಗಳಿಗೆ ಕೊಡುತ್ತೇವೆ ಅಂದಿದ್ದಿರಿ. ಅದನ್ನು ನೋಡಿ ನಾನೂ ಅದರ ಬಗ್ಗೆ ಓದಿದೆ. ದೊಡ್ಡ ಹಡಗುಗಳಿಗೆ ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ನಿಯಮ ಇದೆ. ಸಂಸ್ಕರಿಸದ ಕೊಳಚೆಯನ್ನು ದಡದಿಂದ 12 ನಾಟಿಕಲ್ ಮೈಲಿಯೊಳಗೆ ಬಿಡುವ ಹಾಗಿಲ್ಲ. ಸಣ್ಣ ಹಾಯಿದೋಣಿಯವರೂ ಟ್ಯಾಂಕಿನಲ್ಲಿ ಹಿಡಿದಿಟ್ಟುಕೊಂಡು ಬಂದರಿನಲ್ಲಿ ಪಂಪ್ ಮಾಡಿಸಿ ಖಾಲಿ ಮಾಡಿಸುತ್ತಾರೆ. ಒಳಗಿನ ಸೆನ್ಸರಿಗೆ ಜಿಡ್ಡು, ಪೇಪರ್ ಹಿಡಿದರೆ ಸುಳ್ಳು ಲೆಕ್ಕ ತೋರಿಸುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಎಷ್ಟೋ ಜನ ಪ್ಲಾಸ್ಟಿಕ್ ಟ್ಯಾಂಕಿನ ಹೊರಮೈಗೇ ಪಟ್ಟಿ ಅಂಟಿಸಿ ಮಟ್ಟ ನೋಡುತ್ತಾರೆ. ಚಿತ್ರ ಹಾಕಿದ ನಿಮಗೂ ಇದು ಗೊತ್ತಿರಬೇಕಲ್ವಾ?

ನಮಗೆ ಕೂರಿಸಿದ್ದು ಸರಳಿನ ಮೇಲೆ ತೇಲುವ ಫ್ಲೋಟ್. ನಿಮ್ಮದೇ ಮ್ಯಾನ್ಯುಯಲ್‌ನಲ್ಲಿ ಮೂರು ಮಾತು ಇದೆ. ಸರಳನ್ನು ಮೇಲಿನಿಂದಲೇ ಎತ್ತಿ ತೆಗೆಯುವ ಹಾಗೆ ಕೂರಿಸಬೇಕು. ಮೂರು ತಿಂಗಳಿಗೊಮ್ಮೆ ನಿಮ್ಮ ಜನ ಬಂದು ತೊಳೆಯಬೇಕು. ಅಲಾರಂ ಫ್ಲೋಟ್ ಬೇರೆಯೇ ಇರಬೇಕು. ನಮ್ಮಲ್ಲಿ ಮೂರೂ ಆಗಿಲ್ಲ. ಅಲಾರಂ ಫ್ಲೋಟನ್ನೂ ಅದೇ ಸರಳಿಗೆ ಕಟ್ಟಿದ್ದಾರೆ. ಸರಳಿಗೆ ಒಳಗಿನಿಂದ ನಟ್ ಬಿಗಿದಿದ್ದಾರೆ. ತೊಳೆಯಲು ಯಾರೂ ಬಂದಿಲ್ಲ. ಎಎಂಸಿ ದುಡ್ಡು ಮಾತ್ರ ಪೂರ್ತಿ ತಗೊಂಡಿದ್ದೀರಿ.

ಆಗಬೇಕಾದದ್ದೇ ಆಯಿತು. ಮೇಲೆ ಕಟ್ಟಿದ ಜಿಡ್ಡಿನ ಕೆನೆಯಲ್ಲಿ ಫ್ಲೋಟ್ ಸಿಕ್ಕಿಕೊಂಡಿತು. ಗೋಡೆಯ ಮೇಲಿನ ಡಿಸ್‌ಪ್ಲೇ ನೂರಕ್ಕೆ 40 ಅಂತಲೇ ತೋರಿಸುತ್ತಾ ಇತ್ತು. ಟ್ಯಾಂಕ್ ಬಾಯಿ ತನಕ ತುಂಬಿತ್ತು. ಅಲಾರಂ ಕೂಗಲಿಲ್ಲ, ಯಾಕೆಂದರೆ ಅದೂ ಅದೇ ಜಿಡ್ಡಿನಲ್ಲಿತ್ತು. ಕೆಳಗಿನ ರೂಮಿನ ಬಾತ್‌ರೂಮಿನ ಜಾಲರಿಯಿಂದ ಕಪ್ಪು ನೀರು ಮೇಲೆ ಬಂದು ಮಂಚದ ಕಾಲಿನ ತನಕ ಹರಿಯಿತು. ತಕ್ಷಣ ನೀರಿನ ವಾಲ್ವ್ ಮುಚ್ಚಿ, ಮರಳಿನ ಚೀಲ ಅಡ್ಡ ಹಾಕಿ, ಹಳ್ಳಕ್ಕೆ ಹೋಗದ ಹಾಗೆ ತಡೆದೆವು. ಸಕ್ಕಿಂಗ್ ಗಾಡಿಯವರು ರಾತ್ರಿ ಮಳೆಯಲ್ಲೇ ಬಂದರು. ಅವರಿಗೆ ನಾನು ಋಣಿ.

ಇಷ್ಟಕ್ಕೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆಮೇಲೆ ನಿಮ್ಮ ಟೆಕ್ನಿಷಿಯನ್ ಬಂದರು.

ಅವತ್ತು ಶನಿವಾರ, ಉಳಿದ ಮೂರು ರೂಮು ಭರ್ತಿ. ಬೆಂಗಳೂರಿನಿಂದ ಬಂದ ಒಂದು ಕುಟುಂಬ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿತ್ತು. ನಿಮ್ಮವರು ಗೇಟಿನಿಂದಲೇ ಕೂಗಿದರು: 'ಮೇಡಂ, ಕಕ್ಕಸ್ ಟ್ಯಾಂಕ್ ತುಂಬಿ ರೂಮಿಗೆ ನುಗ್ಗಿದ್ದು ನಿಮ್ಮಲ್ಲೇನಾ?' ಜಗಲಿಯಲ್ಲಿದ್ದ ಅಜ್ಜಿ ಲೋಟ ಕೆಳಗಿಟ್ಟುಬಿಟ್ಟರು. 'ಮೆಲ್ಲಗೆ ಮಾತಾಡಪ್ಪಾ, ಹಿಂದೆ ಹೋಗೋಣ ಬಾ' ಅಂದೆ.

'ಯಜಮಾನ್ರನ್ನ ಕರೀರಿ ಮೇಡಂ, ಇದೆಲ್ಲ ನಿಮಗೆ ಅರ್ಥ ಆಗಲ್ಲ.'

'ಎಎಂಸಿ ನನ್ನ ಹೆಸರಲ್ಲೇ ಇದೆ. ನನಗೇ ಹೇಳು.'

'ಹಾಗಾದ್ರೆ ಹೇಳಿ, ಗೆಸ್ಟ್‌ಗಳು ಏನೇನು ಹಾಕ್ತಾರೆ ಒಳಗೆ? ಪ್ಯಾಡಾ? ಡೈಪರಾ?'

ಪ್ರತಿ ಬಾತ್‌ರೂಮಿನಲ್ಲೂ ಮುಚ್ಚಳದ ಡಬ್ಬಿ ಇದೆ, ಬೋರ್ಡ್ ಹಾಕಿದ್ದೇವೆ ಅಂದೆ. 'ಬೋರ್ಡ್ ಯಾರು ಓದ್ತಾರೆ' ಅಂದು ನಕ್ಕರು. ಅವರ ಕೈಯಲ್ಲಿ ಇದ್ದದ್ದು ಒಂದು ಮೊಬೈಲು, ಒಂದು ಸ್ಪ್ಯಾನರು. ಗ್ಲೌಸ್ ಇಲ್ಲ, ಮಾಸ್ಕ್ ಇಲ್ಲ, ಗ್ಯಾಸ್ ನೋಡುವ ಮೀಟರ್ ಇಲ್ಲ. ಮುಚ್ಚಳ ಎತ್ತಿ, ಮೂಗು ಮುಚ್ಚಿಕೊಂಡು, ಸರಳನ್ನು ಒಂದು ಸಲ ಅಲ್ಲಾಡಿಸಿದರು.

'ಬರ್ತಾ ಇಲ್ಲ. ಒಳಗಡೆಯಿಂದ ನಟ್ ಹಾಕಿದ್ದಾರೆ. ಒಬ್ಬರು ಇಳಿದು ಬಿಚ್ಚಬೇಕು.'

ಯಾರು ಇಳಿಯುವುದು ಅಂತ ಕೇಳಿದೆ. ಪಕ್ಕದಲ್ಲಿ ನಮ್ಮ ತೋಟದ ಹಿರಿಯ ಆಳು ಟಾರ್ಚ್ ಹಿಡಿದು ನಿಂತಿದ್ದರು. ನಿಮ್ಮವರು ಅವರ ಕಡೆ ಗಲ್ಲ ಎತ್ತಿ ತೋರಿಸಿದರು.

'ಆಳುಗಳ ಲೈನ್ ಮನೇಲಿ ಯಾರಾದ್ರೂ ಇರ್ತಾರಲ್ಲ. ಒಂದು ಕ್ವಾರ್ಟರ್ ಕೊಡಿಸಿ, ಇಳೀತಾರೆ. ಐದು ನಿಮಿಷದ ಕೆಲಸ.'

ನಾನು ಮದುವೆಯಾಗಿ ಈ ಮನೆಗೆ ಬರುವ ಮುಂಚಿನಿಂದಲೂ ಅವರು ಈ ತೋಟದಲ್ಲಿದ್ದಾರೆ. ಟಾರ್ಚ್ ಆರಿಸಿ ನನ್ನ ಕೈಗೆ ಕೊಟ್ಟರು. 'ಅಮ್ಮಾ, ನಾನು ಹೋಗ್ಲಾ?' ಅಂದರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ನಮ್ಮ ಅಂಗಳದಲ್ಲಿ ನಿಂತು ನಿಮ್ಮ ಕಂಪನಿ ಅವರಿಗೆ ಮಾಡಿದ ಅವಮಾನ ಅದು.

ಟೆಕ್ನಿಷಿಯನ್ ಹೊಸಬರು ಇರಬಹುದು ಅಂತ ಅವರ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅವರು ಹೇಳಿದ್ದು: 'ಏನಾಗಲ್ಲ ಮೇಡಂ, ಮುಚ್ಚಳ ತೆಗೆದು ಅರ್ಧ ಗಂಟೆ ಬಿಟ್ಟು ಇಳಿಸಿ.' ಮಲದ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗೇ ಸತ್ತು ಹೋಗುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ, ಮನುಷ್ಯ ಅಲ್ಲೇ ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ಟ್ಯಾಂಕ್ ವ್ಯಾಪಾರ ಮಾಡುವ ನಿಮಗೆ ಇದನ್ನು ಒಬ್ಬ ಹೋಂಸ್ಟೇ ಹೆಂಗಸು ಹೇಳಿಕೊಡಬೇಕಾ?

ಕಾನೂನೂ ನಿಮಗೆ ಗೊತ್ತಿರಲೇಬೇಕು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ರಕ್ಷಣೆಯ ಸಲಕರಣೆ ಇಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವ ಹಾಗಿಲ್ಲ. ಮೊದಲ ಸಲ ತಪ್ಪು ಮಾಡಿದರೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಿಮ್ಮ ಸೂಪರ್‌ವೈಸರ್ ಮಾತು ಕೇಳಿ ನಾನು ಯಾರನ್ನಾದರೂ ಇಳಿಸಿದ್ದರೆ ಒಬ್ಬರ ಜೀವ ಹೋಗುತ್ತಿತ್ತು, ನಾನು ಜೈಲಿಗೆ ಹೋಗುತ್ತಿದ್ದೆ. ನೀವು ದೂರಿನ ಟಿಕೆಟ್ ಕ್ಲೋಸ್ ಮಾಡುತ್ತಿದ್ದಿರಿ.

ನಿಮ್ಮ ಕೊನೆಯ ಮೇಲ್‌ನಲ್ಲಿ, ಹೋಂಸ್ಟೇ ವ್ಯಾಪಾರ ಆದ್ದರಿಂದ ನಾನು ಗ್ರಾಹಕಿಯೇ ಅಲ್ಲ ಅಂತ ಬರೆದಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆಗೆದು ಓದಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂತಲೇ ತಗೊಂಡದ್ದು ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ. ಅಡುಗೆ, ಹಾಸಿಗೆ, ಗುಡಿಸುವುದು ಎಲ್ಲಾ ನಾನೇ ಮಾಡುವ ಮನೆ ಇದು.

ನನಗೆ ಬೇಕಾದ್ದು ಇಷ್ಟೇ. ಯಾರೂ ಒಳಗೆ ಇಳಿಯದ ಹಾಗೆ ಆ ಸರಳನ್ನು ನಿಮ್ಮ ಖರ್ಚಿನಲ್ಲಿ ತೆಗೆಸಿ, ಮೇಲಿನಿಂದ ಎತ್ತಿ ತೊಳೆಯುವ ಗೇಜ್ ಹಾಕಿ. ಅಲಾರಂ ಬೇರೆ ಇರಲಿ. ಹಾಳಾದ ರೂಮಿನ ರಿಪೇರಿ ಮತ್ತು ಎಎಂಸಿ ದುಡ್ಡು ವಾಪಸ್ ಕೊಡಿ. ಟಾರ್ಚ್ ಹಿಡಿದಿದ್ದ ಆ ಹಿರಿಯರಲ್ಲಿ ನಿಮ್ಮ ಜನ ಇಲ್ಲಿಗೇ ಬಂದು ಕ್ಷಮೆ ಕೇಳಬೇಕು. ಇದನ್ನು ಬಿಟ್ಟು ಉಳಿದದ್ದೆಲ್ಲ ಕೊಡುತ್ತೇವೆ ಅಂದರೂ ನಾನು ಒಪ್ಪುವುದಿಲ್ಲ.

ಪತ್ರ ತಲುಪಿದ 15 ದಿನದೊಳಗೆ ಇದಾಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕುತ್ತೇನೆ. 5 ಲಕ್ಷದೊಳಗಿನ ಕೇಸಿಗೆ ಅಲ್ಲಿ ಶುಲ್ಕವೂ ಇಲ್ಲ, ನಾನೇ ನಿಂತು ವಾದಿಸುತ್ತೇನೆ. 2013ರ ಕಾಯ್ದೆ ಅಡಿ ಜಿಲ್ಲಾಧಿಕಾರಿಗೂ ದೂರು ಕೊಡುತ್ತೇನೆ. ಸುತ್ತಮುತ್ತ ನಿಮ್ಮದೇ ಟ್ಯಾಂಕ್ ಹಾಕಿಸಿದ ಹೋಂಸ್ಟೇಯವರು ಇದ್ದಾರೆ. ಮುಚ್ಚಳ ತೆಗೆದು ಸರಳು ಎತ್ತಿದರೆ ಬರುತ್ತದಾ ನೋಡಿ ಅಂತ ಅವರಿಗೆಲ್ಲ ಆಗಲೇ ಹೇಳಿದ್ದೇನೆ.

ಇನ್ನೊಂದು ಮಾತು. ನಿಮ್ಮ ನಂಬರಿಗೆ ಫೋನ್ ಮಾಡಿದಾಗ ಕರೆ ರೆಕಾರ್ಡ್ ಆಗುತ್ತದೆ ಅಂತ ನೀವೇ ಹೇಳುತ್ತೀರಿ. 'ಅರ್ಧ ಗಂಟೆ ಬಿಟ್ಟು ಇಳಿಸಿ' ಅಂದ ಆ ರೆಕಾರ್ಡಿಂಗ್ ಅಳಿಸಬೇಡಿ. ಆಯೋಗದ ಮುಂದೆ ಅದನ್ನೇ ತರಿಸಿ ಅಂತ ಕೇಳುತ್ತೇನೆ. ಅಳಿಸಿದ್ದೀರಿ ಅಂದರೆ ಅದನ್ನೂ ದೂರಿನಲ್ಲಿ ಸೇರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಮೂಡಿಗೆರೆ ತಾಲೂಕು, ಚಿಕ್ಕಮಗಳೂರು ಜಿಲ್ಲೆ