ಮಹಾನಗರಕ್ಕೆ ಬೇಕು ಕ್ಯಾರವಾನ್ ತಂಗುದಾಣ

ಮಾನ್ಯರೇ,

ಹಾಸಿಗೆ, ಅಡುಗೆಮನೆ, ಶೌಚಾಲಯಗಳನ್ನು ಒಳಗೊಂಡ ಕ್ಯಾರವಾನ್‌ನಲ್ಲಿ ಮಹಾನಗರ ನೋಡಲು ಬರುವವರಿಗೆ ನಿಜವಾದ ಕಷ್ಟ ಎದುರಾಗುವುದು ವಾಹನ ನಿಲ್ಲಿಸುವಾಗ. ಸುಮಾರು 3 ಮೀಟರ್ ಎತ್ತರದ ಈ ವಾಹನ, 2 ಮೀಟರ್ ಆಸುಪಾಸಿನ ಎತ್ತರದ ಮಿತಿಯಿರುವ ಬಹುಮಹಡಿ ನಿಲುಗಡೆ ಕಟ್ಟಡದೊಳಗೆ ಹೋಗುವುದೇ ಇಲ್ಲ. ಪ್ರವೇಶದ್ವಾರದ ಅಡ್ಡಪಟ್ಟಿಯ ಮುಂದೆ ಸಿಕ್ಕಿಕೊಂಡು, ಬೆನ್ನ ಹಿಂದಿನ ಹಾರ್ನ್‌ಗಳ ಸದ್ದಿನ ನಡುವೆ ಇಂಚಿಂಚಾಗಿ ಹಿಂದೆ ಸರಿಯುವ ಸಂಕಟವನ್ನು ನಾನೂ ಅನುಭವಿಸಿದ್ದೇನೆ. ರಸ್ತೆಬದಿಯಲ್ಲಿ ವಾಹನದೊಳಗೆ ರಾತ್ರಿ ಕಳೆಯಲು ಅನೇಕ ನಗರಗಳಲ್ಲಿ ಅನುಮತಿಯಿಲ್ಲ. ಶೌಚದ ತೊಟ್ಟಿ ಮಳೆನೀರಿನ ಚರಂಡಿಗೆ ಖಾಲಿಯಾಗಬಾರದೆಂಬ ಕಾರಣಕ್ಕೆ ಅದು ಸರಿಯೂ ಹೌದು. ಆದ್ದರಿಂದ ನಗರದಂಚಿನ ರೈಲು, ಮೆಟ್ರೊ ನಿಲ್ದಾಣಗಳ ಬಳಿಯೇ ಕುಡಿಯುವ ನೀರು, ವಿದ್ಯುತ್ ಸಂಪರ್ಕ ಹಾಗೂ ತೊಟ್ಟಿ ಖಾಲಿ ಮಾಡುವ ವ್ಯವಸ್ಥೆಯುಳ್ಳ ತಂಗುದಾಣಗಳನ್ನು ನಗರಾಡಳಿತಗಳು ನಿರ್ಮಿಸಿದರೆ, ಪ್ರವಾಸಿಗರು ವಾಹನವನ್ನು ಅಲ್ಲಿಯೇ ಬಿಟ್ಟು ನಿಶ್ಚಿಂತೆಯಿಂದ ನಗರ ಸುತ್ತಬಹುದು.

– ಓರ್ವ ಓದುಗ