ಸೋಮವಾರಕ್ಕೆ ಮುಂಚೆ ಓದು

ಪುಟ್ಟೀ,

ನಿನ್ನೆ ನೀನು ಫೋನ್ ಕಟ್ ಮಾಡಿದ್ದಕ್ಕೆ ನನಗೇನೂ ಬೇಜಾರಿಲ್ಲ. ಸ್ವಲ್ಪ ಇದೆ, ಇರಲಿ. ಕೆಲಸಕ್ಕೆ ಸೇರುವ ಸಂಭ್ರಮದಲ್ಲಿರುವವಳನ್ನು ಹಿಡಿದು "ಸ್ಟೇಜಿಂಗ್ ಅಂದ್ರೇನು, ಪ್ರೊಡಕ್ಷನ್ ಅಂದ್ರೇನು ಹೇಳು" ಅಂತ ವೈವಾ ಶುರು ಮಾಡಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ. ನಿನ್ನ ಉತ್ತರ ಸರಿಯಾಗಿಯೇ ಇತ್ತು. ಜನ ಬಳಸುವ ನಿಜವಾದ ಸಿಸ್ಟಮ್ ಪ್ರೊಡಕ್ಷನ್, ಅದರ ಹಾಗೇ ಕಟ್ಟಿಟ್ಟ ಪರೀಕ್ಷೆಯ ನಕಲು ಸ್ಟೇಜಿಂಗ್. ಆದರೆ ಆ ಹುಡುಗನಿಗೂ ಇದು ಗೊತ್ತಿತ್ತು.

ನನ್ನ ಹಳೇ ಟೀಮಿನವನು. ಚುರುಕು, ನಿನ್ನ ಹಾಗೇ ಅವಸರ. ಪರದೆಯ ಮೇಲೆ ಎರಡು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದಿದ್ದ. ಎರಡೂ ಕಪ್ಪು, ಎರಡರಲ್ಲೂ ಅದೇ ಬಿಳಿ ಅಕ್ಷರ. ಒಂದು ಸ್ಟೇಜಿಂಗ್ ಡೇಟಾಬೇಸ್, ಇನ್ನೊಂದು ಪ್ರೊಡಕ್ಷನ್. ಪರೀಕ್ಷೆಗೆ ಹಾಕಿದ್ದ ಆರ್ಡರ್‌ಗಳನ್ನು ಅಳಿಸಬೇಕಿತ್ತು. ಡಿಲೀಟ್ ಟೈಪ್ ಮಾಡಿದ, ಟೇಬಲ್ ಹೆಸರು ಹಾಕಿದ. ಎಲ್ಲವೂ ಹೋಗಲಿ ಅಂತಲೇ, ಯಾವ ಸಾಲು ಅಳಿಸಬೇಕು ಅಂತ ಹೇಳುವ ವೇರ್ ಹಾಕಲಿಲ್ಲ. ಎಂಟರ್ ಒತ್ತಿದ. ಕರ್ಸರ್ ಸುಮ್ನೆ ಮಿನುಗುತ್ತಾ ಕೂತಿತು. ನಾಲ್ಕು ಸಾಲು ಅಳಿಸೋಕೆ ಇಷ್ಟು ಹೊತ್ತಾ ಅಂತ ಅವನಿಗೆ ಹೊಳೆದು ನಿಲ್ಲಿಸಲು ಕಂಟ್ರೋಲ್-ಸಿ ಒತ್ತುವಷ್ಟರಲ್ಲಿ ಮುಗಿದಿತ್ತು. ಅವನು ಟೈಪ್ ಮಾಡಿದ್ದು ಪ್ರೊಡಕ್ಷನ್ ಕಿಟಕಿಯಲ್ಲಿ. ಅವನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟಿದ್ದು ನನಗೆ ಇವತ್ತಿಗೂ ಕಾಣುತ್ತದೆ.

ಟ್ರಾನ್ಸಾಕ್ಷನ್ ಶುರು ಮಾಡಿ, ಅಂದರೆ ಕಮಿಟ್ ಅಂತ ಖಾಯಂ ಮಾಡುವವರೆಗೆ ಬದಲಾವಣೆ ಹಿಂತೆಗೆಯುವ ಹಾಗೆ ಇಟ್ಟುಕೊಂಡು, ಆಮೇಲೆ ಅಳಿಸಿದ್ದರೆ, ಒಂದು ರೋಲ್‌ಬ್ಯಾಕ್‌ಗೆ ಎಲ್ಲ ವಾಪಸ್ ಬರುತ್ತಿತ್ತು. ಬ್ಯಾಕಪ್ ಇತ್ತು, ಹಿಂದಿನ ರಾತ್ರಿಯದು. ಬೆಳಗ್ಗೆಯಿಂದ ಬಂದ ಆರ್ಡರ್‌ಗಳು ಅದರಲ್ಲಿ ಎಲ್ಲಿಂದ ಬರಬೇಕು? ಸಿಸ್ಟಮ್ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ಫೈಲ್ ಕೆದಕಿ ಕೆದಕಿ ಒಂದೊಂದಾಗಿ ಸೇರಿಸಿದೆವು. ಎಲ್ಲವೂ ಸಿಗಲಿಲ್ಲ. ಎಲ್ಲರ ಕೈಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದ ಕಂಪನಿಯದೇ ದೊಡ್ಡ ತಪ್ಪು ಅಂತ ನಾನು ಆಗಲೂ ಹೇಳಿದ್ದೆ. ಬೈಸಿಕೊಂಡವನು ಮಾತ್ರ ಅವನು. ಅವನ ಕುರ್ಚಿಯಲ್ಲಿ ನೀನು ಕೂತ ಹಾಗೆ ಅನ್ನಿಸಿದರೆ ನನಗೆ ನಿದ್ದೆ ಹಾರಿಹೋಗುತ್ತದೆ.

"ಗಿಟ್ ಇದೆಯಲ್ಲಮ್ಮ" ಅಂದೆ ನೀನು. ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಕಾಯುವುದು ಕೋಡನ್ನು, ಡೇಟಾವನ್ನಲ್ಲ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದದ್ದೇ ಲಿನಕ್ಸ್ ಕರ್ನಲ್ಲಿನ, ಅಂದರೆ ಆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ, ಕೋಡ್ ನಿಭಾಯಿಸಲು. ಅಲ್ಲಿ ಕಮಿಟ್ ಮಾಡಿದ್ದನ್ನು ರಿವರ್ಟ್ ಮಾಡಿ ಹಿಂದಕ್ಕೆ ತರಬಹುದು. ಡೇಟಾಬೇಸಿನಲ್ಲಿ ಕಮಿಟ್ ಆದಮೇಲೆ ರೋಲ್‌ಬ್ಯಾಕ್ ಕೆಲಸಕ್ಕೆ ಬರುವುದಿಲ್ಲ.

ಸ್ಟೇಜಿಂಗ್‌ನಲ್ಲಿ ಓಡಿತು ಅನ್ನುವ ಧೈರ್ಯವೂ ಜಾಸ್ತಿ ಬೇಡ. 1996ರ ಜೂನ್ 4ರಂದು ಅರಿಯಾನ್ 5 ರಾಕೆಟ್ ಮೇಲೆದ್ದು ನಿಮಿಷ ತುಂಬುವ ಮೊದಲೇ ಸಿಡಿಯಿತು. ಅರಿಯಾನ್ 4ರಲ್ಲಿ ಚೆನ್ನಾಗಿ ಓಡುತ್ತಿದ್ದ ಕೋಡನ್ನೇ ಅದಕ್ಕೂ ಹಾಕಿದ್ದರು. ಹೊಸ ರಾಕೆಟ್ಟಿನ ಅಡ್ಡ ವೇಗ ಜಾಸ್ತಿ, 64 ಬಿಟ್‌ನ ಸಂಖ್ಯೆ 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ. ಓವರ್‌ಫ್ಲೋ ಅಂದರೆ ಇದೇ. ನೋಡು, ಮತ್ತೆ ಪಾಠ ಶುರುವಾಯ್ತು ಅಲ್ವಾ?

ನೀನು ಟೆಸ್ಟ್ ಬರೆದೇ ಕೋಡಿಗೆ ಕೈ ಹಾಕುವವಳು. ನಿನ್ನ ವಯಸ್ಸಿನಲ್ಲಿ ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೇನೆ, ನಿನ್ನ ಹತ್ತಿರ ಮಾತ್ರ ಹೇಳಿರಲಿಲ್ಲ.

ಸೋಮವಾರ ಪಾಸ್‌ವರ್ಡ್ ಕೊಡುವಾಗ, ಪ್ರೊಡಕ್ಷನ್‌ಗೆ ಸದ್ಯ ಓದುವ ಅನುಮತಿ ಸಾಕು ಅನ್ನು. ಆ ಟರ್ಮಿನಲ್ಲಿನ ಹಿನ್ನೆಲೆಯನ್ನು ಕೆಂಪು ಮಾಡಿಕೋ. ಬ್ಯಾಕಪ್ಪನ್ನು ಕೊನೆಯ ಸಲ ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ ಅಂತ ಕೇಳು. ಅವರು ಮುಖ ಮುಖ ನೋಡಿಕೊಂಡರೆ ರಾತ್ರಿ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಅಮ್ಮ